ಅಕ್ಕೋರು ಪುಸ್ತಕ ಮುಚ್ಚಿಸಿದ ವರ್ಷ

ಶಾಲೆ ಎಂದಮೇಲೆ ನಗುವಂಥ ಸಂಗತಿಗಳು ಆಗುತ್ತಲೇ ಇರುತ್ತವೆ; ಸಂಜೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಯಾರೂ ಬರೆದಿಡುವುದಿಲ್ಲ, ಅಷ್ಟೆ. ನಾನು ಬರೆಯುತ್ತಿದ್ದೇನೆ. ಮೊದಲ ಸಲವಾದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಗೊತ್ತಿದ್ದವರು ಸಹಿಸಿಕೊಳ್ಳಬೇಕು.

ಭೈರುಂಬೆಯಿಂದ ತುಸು ಆಚೆಗಿನ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಮಾಸ್ತರ. ಇಲ್ಲಿ ಹೇಳುವುದೆಲ್ಲ ನಮ್ಮ ವಿಜ್ಞಾನದ ಅಕ್ಕೋರ ಸುದ್ದಿ. ಅಕ್ಕೋರು ಎಂದರೆ ಶಿಕ್ಷಕಿ; ನಮ್ಮ ಕಡೆ ಹಾಗೆ ಕರೆಯುವುದು ರೂಢಿ. ಸಿದ್ದಾಪುರದವರು, ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಉಪಚಾರ ಮಾಡಿಸಿಕೊಳ್ಳುವವರು ಎಂದಲ್ಲ. ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡವರು. ಮುಂದಿನ ವರ್ಷ ಕರೆಯಬೇಕೋ ಬೇಡವೋ ಎಂಬುದು ಹೆಡ್‌ಮಾಸ್ತರರ ಮಾತಿನ ಮೇಲೆ.

೧. ಅಕ್ಕೋರಿಗೊಂದು ಔಷಧ

ನೆನಪು ಹೇಗೆ ಉಳಿಯುತ್ತದೆ ಎಂಬ ವಿಜ್ಞಾನವನ್ನು ಈ ಅಕ್ಕೋರು ಆಸಕ್ತಿಯಿಂದ ಓದಿಕೊಂಡಿದ್ದರು. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ 'ಬರುತ್ತದೆ' ಎಂಬ ಭ್ರಮೆ ಮಾತ್ರ ಬರುತ್ತದೆಯಂತೆ. ಪುಸ್ತಕ ಮುಚ್ಚಿ, ತಲೆಯೊಳಗಿಂದ ಎಳೆದು ತೆಗೆದಾಗಲೇ ಅದು ಗಟ್ಟಿಯಾಗುವುದಂತೆ. ಆದ್ದರಿಂದ ತರಗತಿಗೆ ಬಂದವರೇ "ಪುಸ್ತಕ ಮುಚ್ಚಿ. ನಿನ್ನೆ ಏನು ಕಲಿತೆವು, ಹೇಳಿ" ಎನ್ನುತ್ತಿದ್ದರು.

ಸ್ವಲ್ಪ ದಿನಕ್ಕೆ ಪಾಲಕರೊಬ್ಬರು ಆಫೀಸಿಗೆ ಬಂದರು. ಹೆಡ್‌ಮಾಸ್ತರರು ಬನವಾಸಿ ಕಡೆಯವರು. "ಬರ್ರಿ, ಕೂಡ್ರಿ," ಎಂದರು.

"ಕೂರದು ಹಾಂಗಿರ್ಲಿ ಮಾಸ್ತರ್ರೆ. ಆ ಹೊಸ ಅಕ್ಕೋರಿಗೆ ಪಾಠ ಬತ್ತಿಲ್ಲೆ ಕಾಣ್ತು."

"ಯಾಕ್ರಿ?"

"ಎಲ್ಲಾನೂ ಮಕ್ಕಳ ಹತ್ರಾನೇ ಕೇಳ್ತಡ. ನಿನ್ನೆ ತಾವೇ ಹೇಳ್ಕೊಟ್ಟಿದ್ದೂ ನೆನಪಿರ್ತಿಲ್ಯಡ, ಪಾಪ!"

ಮರುದಿನ ಅವರು ಮಗಳ ಕೈಯಲ್ಲಿ ಒಂದು ಕಟ್ಟು ಒಂದೆಲಗ ಕಳಿಸಿದರು. ಒಂದೆಲಗ ಎಂದರೆ ನೆನಪಿನ ಶಕ್ತಿಗೆ ಒಳ್ಳೆಯದೆಂದು ನಾವು ಅರೆದು, ಮಜ್ಜಿಗೆ ಬೆರೆಸಿ, ತಂಬುಳಿ ಮಾಡಿ ಉಣ್ಣುವ ಸೊಪ್ಪು. ಬೇರೆ ಯಾರಾದರೂ ಸಿಟ್ಟಾಗುತ್ತಿದ್ದರು. ಅಕ್ಕೋರು ನಗುತ್ತ ತೆಗೆದುಕೊಂಡು ಹೋಗಿ, ತಂಬುಳಿ ಮಾಡಿ ಉಂಡು, ಮಾರನೆಯ ದಿನ ತರಗತಿಗೆ ಬಂದು ಎಂದಿನಂತೆ "ಪುಸ್ತಕ ಮುಚ್ಚಿ. ನಿನ್ನೆ ಏನು ಕಲಿತೆವು?" ಎಂದರು.

ಹುಡುಗಿ ಮನೆಗೆ ಹೋಗಿ ವರದಿ ಕೊಟ್ಟಳಂತೆ: "ಅಪ್ಪಾ, ಔಷಧ ಇನ್ನೂ ತಾಗಿದ್ದಿಲ್ಲೆ."

ಹೆಡ್‌ಮಾಸ್ತರರಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ಅಕ್ಕೋರನ್ನು ಕರೆದು ನನ್ನೆದುರೇ ಹೇಳಿದರು: "ನೋಡ್ರಿ ಮೇಡಂ, ಹೋದ ವರ್ಷ ವಿಜ್ಞಾನದಾಗ ಅರ್ಧಾ ಮಂದಿ ಬಿದ್ದಾರ. ಪ್ರಿಪರೇಟರಿ ತನಕ ನಾ ಸುಮ್ನಿರ್ತೀನಿ. ಅದ್ರಾಗೂ ಹಂಗ ಆದ್ರ, ಮುಂದಿನ ವರ್ಷಕ್ಕ ಬ್ಯಾರೇವ್ರನ್ನ ನೋಡಬೇಕಾಗ್ತದ." ಪ್ರಿಪರೇಟರಿ ಎಂದರೆ ಎಸ್ಸೆಸ್ಸೆಲ್ಸಿಗೆ ಮುಂಚೆ ನಡೆಸುವ ತಾಲೀಮು ಪರೀಕ್ಷೆ. ಅಕ್ಕೋರ ಕೆಲಸ ಅದರ ಮೇಲೆ ನಿಂತಿತು.

೨. ಪಂಕ್ತಿಯಲ್ಲಿ ಪಿತ್ತರಸ

ಒಮ್ಮೆ ಕಲಿತದ್ದನ್ನು ಅರ್ಧ ಮರೆಯುವಷ್ಟು ದಿನ ಬಿಟ್ಟು ಕೇಳಬೇಕು, ಬೇರೆ ಬೇರೆ ಜಾಗದಲ್ಲಿ ಕೇಳಬೇಕು ಎಂಬುದು ಅಕ್ಕೋರ ಇನ್ನೊಂದು ನಂಬಿಕೆ. ಹೀಗಾಗಿ ಬಸ್‌ಸ್ಟ್ಯಾಂಡು, ಗಿರಣಿ, ಎಲ್ಲಿ ಸಿಕ್ಕರೂ ಪ್ರಶ್ನೆ. ಮಕ್ಕಳು ಅವರನ್ನು ದೂರದಲ್ಲಿ ಕಂಡರೆ ದಾರಿ ಬದಲಿಸತೊಡಗಿದರು.

ವಾನಳ್ಳಿಯ ಒಂದು ಮದುವೆಗೆ ನಾವೆಲ್ಲ ಹೋಗಿದ್ದೆವು. ನಮ್ಮಲ್ಲಿ ಊಟಕ್ಕೆ ಬಡಿಸುವುದು ಊರಿನ ಮಕ್ಕಳೇ. ಎಂದರೆ, ಬಡಿಸುತ್ತಿದ್ದವರೆಲ್ಲ ನಮ್ಮ ಹತ್ತನೇ ತರಗತಿಯವರು. ಅನ್ನ ಬಂತು, ಸಾರು ಬಂತು, ಪಲ್ಯ ಬಂತು. ಎಲ್ಲವೂ ಅಕ್ಕೋರ ಎಲೆಯ ಹತ್ತಿರ ಬರುತ್ತಿದ್ದಂತೆ ಓಟ ಹಿಡಿದು ಮುಂದಿನ ಎಲೆಗೆ ಹಾರುತ್ತಿದ್ದವು. ಅವರ ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ ಎರಡೇ. ಕೊನೆಗೆ ಹೋಳಿಗೆ ತಂದ ಹುಡುಗಿ ಸಿಕ್ಕಿಬಿದ್ದಳು.

"ಪಿತ್ತರಸ ಎಲ್ಲಿ ತಯಾರಾಗ್ತದೆ?"

"ಯಕೃತ್ತಲ್ಲಿ ಅಕ್ಕೋರೆ." ಹೋಳಿಗೆ ಬಿತ್ತು.

"ಜಠರದಲ್ಲಿ ಯಾವ ಆಮ್ಲ?"

"ಹೈಡ್ರೋಕ್ಲೋರಿಕ್." ಖುಷಿಯಲ್ಲಿ ಇನ್ನೊಂದು ಹೋಳಿಗೆ ಬಿತ್ತು.

ನಾನು ಎದುರು ಸಾಲಿನಲ್ಲಿದ್ದೆ. ಅಕ್ಕೋರು ಆ ಪಾಠ ಮಾಡಿ ಆಗಲೇ ಬಹಳ ದಿನವಾಗಿತ್ತು. ಕೈಯಲ್ಲಿ ಹೋಳಿಗೆಯ ಹರಿವಾಣ ಹಿಡಿದು ಆ ಹುಡುಗಿ ತಡವರಿಸದೆ ಹೇಳಿದ್ದು ನೋಡಿ ನನಗೆ ಮೈ ಜುಮ್ಮೆಂದಿತು. ಅಷ್ಟರಲ್ಲಿ ಅಕ್ಕೋರ ಪಕ್ಕದಲ್ಲಿ ಕುಳಿತ ಅಜ್ಜ ತನ್ನ ಎಲೆ ತೋರಿಸಿ ಅಕ್ಕೋರಿಗೆ ಹೇಳಿದ: "ತಂಗಿ, ಎನ್ನ ಬದಿಗೂ ಒಂದು ಪ್ರಶ್ನೆ ಕೇಳೇ, ಹೋಳಿಗೆ ಖಾಲಿ ಆಗ್ತು."

೩. ಗಟ್ಟಿ ಮಾಡುವವನು

ಕಲಿತದ್ದು ತಲೆಯಲ್ಲಿ ಕೂರುವುದು ನಿದ್ದೆಯಲ್ಲಿ, ಆದ್ದರಿಂದ ನಿದ್ದೆಗೆಟ್ಟು ಓದಬೇಡಿ ಎಂದು ಅಕ್ಕೋರು ಮಕ್ಕಳಿಗೆ ಹೇಳಿದ್ದರು. ಒಳ್ಳೆಯ ಮಾತೇ. ಆದರೆ ಅವರ ತರಗತಿಯಾದ ಮೇಲಿನದು ನನ್ನ ತರಗತಿ. ಹಳಗನ್ನಡ ಪದ್ಯವೊಂದನ್ನು ನಾನು ತನ್ಮಯನಾಗಿ ವಿವರಿಸುತ್ತಿದ್ದಾಗ ಕಿರವತ್ತಿಯ ಹುಡುಗನೊಬ್ಬ ಬೆಂಚಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದೆ.

"ಏನೋ ಇದು?"

ಕಣ್ಣುಜ್ಜುತ್ತ ಎದ್ದು ನಿಂತು, ಸ್ವಲ್ಪ ಬೇಸರದಿಂದಲೇ ಹೇಳಿದ: "ವಿಜ್ಞಾನ ಗಟ್ಟಿ ಮಾಡ್ತಾ ಇದ್ದೆ ಸರ್. ನಡುವೆ ಎಬ್ಬಿಸಿಬಿಟ್ರಿ."

೪. ಹೆಡ್‌ಮಾಸ್ತರರ ಪರೀಕ್ಷೆ

ಪ್ರಿಪರೇಟರಿ ಮುಗಿಯಿತು. ವಿಜ್ಞಾನದಲ್ಲಿ ಎಲ್ಲರೂ ಪಾಸು, ನಿದ್ದೆಯ ಹುಡುಗನೂ. ಹೆಡ್‌ಮಾಸ್ತರರು ಉತ್ತರಪತ್ರಿಕೆಗಳನ್ನು ತಾವೇ ತಿರುವಿ ತಿರುವಿ ನೋಡಿದರು. ಪೇಪರ್ ಹೊರಬಿದ್ದಿರಬಹುದೇ ಎಂದು ಅನುಮಾನಿಸಿ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಪೇಪರಿನಲ್ಲಿಲ್ಲದ ಪ್ರಶ್ನೆಗಳನ್ನು ಕೇಳಿದರು. ಮಕ್ಕಳು ಹೇಳಿದರು. ಅನುಮಾನ ಹೋಯಿತು. ಆದರೆ ಮುಂದಿನ ವರ್ಷದ ಮಾತು ಮಾತ್ರ ಬಾಯಿಂದ ಬರಲಿಲ್ಲ. ಬದಲಿಗೆ, "ನಿಮ್ಮ ಈ ಪದ್ಧತಿ ನಮಗೂ ತಿಳಿಸ್ರಿ, ಆಮ್ಯಾಲೆ ನೋಡೂಣು," ಎಂದು ಶಿಕ್ಷಕರ ಸಭೆ ಕರೆದರು.

ಅಕ್ಕೋರು ಎಷ್ಟು ಚೆಂದ ವಿವರಿಸಿದರೆಂದರೆ ನಾವು ಯಾರೂ ಗಡಿಯಾರ ನೋಡಲಿಲ್ಲ. ಹೆಡ್‌ಮಾಸ್ತರರಂತೂ ಪ್ರತಿ ವಾಕ್ಯಕ್ಕೂ ತಲೆಯಾಡಿಸಿದರು. ಕೊನೆಯಲ್ಲಿ ಎದ್ದು ನಿಂತು, "ಎಲ್ಲಾರಿಗೂ ತಿಳೀತಲ್ರಿ?" ಎಂದರು. ತಿಳಿಯಿತು ಎಂದೆವು.

"ಹಾಗಿದ್ರೆ ಒಂದೊಂದು ಹಾಳೆ ತಗೊಳ್ಳಿ ಸರ್," ಎಂದರು ಅಕ್ಕೋರು ಮೆತ್ತಗೆ. "ಇಷ್ಟು ಹೊತ್ತು ನಾನು ಏನು ಹೇಳಿದೆ, ಬರೀರಿ."

ಯಲ್ಲಾಪುರದಿಂದ ಬರುವ ಡ್ರಿಲ್ ಮಾಸ್ತರರು ಸೂರು ನೋಡತೊಡಗಿದರು. ನಾನು 'ನಿದ್ದೆ ಬಹಳ ಮುಖ್ಯ' ಎಂದು ಬರೆದು ನಿಂತೆ, ಮುಂದಿನದು ಬರಲಿಲ್ಲ. ಪಕ್ಕದಿಂದ ಹೆಡ್‌ಮಾಸ್ತರರು ಕುತ್ತಿಗೆ ಉದ್ದ ಮಾಡಿ, "ಏನ್ ಬರದ್ರಿ? ಸ್ವಲ್ಪ ಕೈ ತಗೀರಿ," ಎಂದು ಪಿಸುಗುಟ್ಟಿದರು. ಕೈ ತೆಗೆದೆ. ಹಿರಿಯರಿಗೆ ಇಲ್ಲ ಎನ್ನಲಾಗುತ್ತದೆಯೇ?

ಅಕ್ಕೋರು ಹಾಳೆಗಳನ್ನು ಅಲ್ಲೇ ತಿದ್ದಿದರು. ಹೆಡ್‌ಮಾಸ್ತರರ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ಬರೆದದ್ದು ನನಗೂ ಕಂಡಿತು: 'ಪಕ್ಕದವರ ತಲೆಯಿಂದ ತೆಗೆದದ್ದು ಲೆಕ್ಕಕ್ಕಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ.'

ಮುಗಿಯಿತು, ಈ ತಾಯಿ ಕೈಯಾರೆ ಕೆಲಸ ಕಳೆದುಕೊಂಡರು ಎಂದುಕೊಂಡೆ. ನಮ್ಮಲ್ಲಿ ಯಾರಿಗೂ ಇಲ್ಲದ ಧೈರ್ಯ ಅದು. ಹೆಡ್‌ಮಾಸ್ತರರು ಕನ್ನಡಕ ಏರಿಸಿ ಒಂದು ಸಲ ಓದಿದರು, ಇಳಿಸಿ ಇನ್ನೊಂದು ಸಲ ಓದಿದರು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ನಮ್ಮ ಕಡೆ ತಿರುಗಿದರು.

"ಮುಂದಿನ ವರ್ಷಾನೂ ಈ ಮೇಡಂ ಇಲ್ಲೇ ಇರ್ತಾರ್ರಿ. ನಾ ಇನ್ನೂ ಪಾಸಾಗಬೇಕಲ್ಲ!"