ರೋಪ್‌ವೇ ಬಕೆಟ್ಟಿನ ಸೀತಾಳೆ ದಂಡೆ

ಏಳು ತಿಂಗಳ ಬಸುರಿ ಮಗಳು ವಾಣಿ ಭದ್ರಾವತಿಗೆ ಬಂದವಳು ಕೇಳಿದ್ದು ಒಂದೇ ಒಂದು.

"ಅಪ್ಪಾ, ಹೂ ಮುಡಿಸೋ ದಿನ ನನ್ನ ಜಡೆಗೆ ಸೀತಾಳೆ ದಂಡೆ ಬೇಕು."

ಕಾಡುಮರಗಳ ಮೇಲೆ ಬೆಳೆದು, ಜಡೆಯ ಹಾಗೇ ಉದ್ದಕ್ಕೆ ಇಳಿಬಿದ್ದು ಅರಳುವ ಆ ಬಿಳಿ-ನೇರಳೆ ಆರ್ಕಿಡ್ ಹೂ. "ಅಷ್ಟೇನಾ?" ಎಂದೆ. ಎಂಥ ಧೈರ್ಯ!

"ತರದಿದ್ರೆ ಹುಟ್ಟೋ ಮಗೂಗೆ ಕಿವಿ ಸೋರುತ್ತೆ, ನೆನಪಿರ್ಲಿ. ಬಸುರಿ ಬಯಕೆ," ಎಂದಳು ನನ್ನ ಹೆಂಡತಿ ಸರೋಜ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೆ ಕಾರ್ಖಾನೆಯ ಸೇಫ್ಟಿ ಸೆಕ್ಷನ್ನಿನಲ್ಲಿ ಇಪ್ಪತ್ತು ವರ್ಷ ಸವೆಸಿದ ನನಗೆ, ಅಪಾಯದ ಸಾಧ್ಯತೆ ಕಿವಿಗೆ ಬಿದ್ದರೆ ಸಾಕು, ಅನ್ನ ಇಳಿಯುವುದಿಲ್ಲ.

ಶಿವಮೊಗ್ಗಕ್ಕೆ ಓಡಿದೆ. ಗಾಂಧಿ ಬಜಾರಿನ ಹೂವಿನಾಕೆ ನಕ್ಕಳು. "ಅದು ಮಾರೋ ಹೂವಲ್ಲಣ್ಣ. ಸೇವಂತಿಗೆ ಕೊಡ್ಲಾ?"

ದಾರಿ ತೋರಿಸಿದವನು ನ್ಯೂ ಟೌನಿನ ನಮ್ಮ ಪಕ್ಕದ ಮನೆಯ ಸೆಲ್ವರಾಜ್. ಗುಡ್ಡದ ಮೇಲಿನ ಗಣಿಯಿಂದ, ಉಕ್ಕಿನ ಹಗ್ಗಕ್ಕೆ ತೂಗುವ ಬಕೆಟ್ಟುಗಳಲ್ಲಿ ಅದಿರು ಇಳಿಸುತ್ತಿದ್ದ ರೋಪ್‌ವೇಯಲ್ಲಿ ಫಿಟ್ಟರ್ ಆಗಿದ್ದು ರಿಟೈರಾದವನು. ಆ ರೋಪ್‌ವೇ ನಿಂತು ಎಷ್ಟೋ ವರ್ಷವಾಗಿತ್ತು.

"ಒಂದು ಜಾಗ ಗೊತ್ತು ಸಾರ್. ಆದ್ರೆ ಅಲ್ಲಿ ಮರ ಇಲ್ಲ."

"ಮರ ಇಲ್ದೆ ಸೀತಾಳೆ ದಂಡೆ ಎಲ್ಲಿ ಬೆಳೆಯುತ್ತಯ್ಯಾ?"

"ಕಬ್ಬಿಣದ ಮೇಲೆ ಸಾರ್."

ಶಾಸ್ತ್ರ ಭಾನುವಾರ ಸಂಜೆ. ಬೆಳಿಗ್ಗೆಯೇ ಹೊರಟೆವು. ನಾನು ಹೆಲ್ಮೆಟ್ ಹಾಕಿಕೊಂಡೆ.

"ಹೂ ಕೀಳೋಕೆ ಹೆಲ್ಮೆಟ್ಟೇನ್ರೀ?" ಎಂದಳು ಸರೋಜ.

"ಮೇಲಿಂದ ಏನಾದ್ರೂ ಬಿದ್ರೆ?"

"ಹೂವೇ ಬೀಳೋದು!"

ಬಸ್ಸಿಳಿದು ನಾನೂ ಸೆಲ್ವರಾಜನೂ ಗುಡ್ಡ ಹತ್ತಿದೆವು. ಕಾಲಡಿ ರಕ್ತದ ಬಣ್ಣದ ಮಣ್ಣು. ಒಂದು ಹುಲ್ಲುಕಡ್ಡಿ ಇಲ್ಲ, ಒಂದು ಹಕ್ಕಿಯ ಸದ್ದಿಲ್ಲ. ಮಂಜಿನೊಳಗೆ ತುಕ್ಕು ಹಿಡಿದ ಟವರುಗಳು ಸಾಲಾಗಿ ನಿಂತಿದ್ದವು. "ನೀವಿಲ್ಲೇ ನೋಡಿ ಸಾರ್, ನಾನು ಮೇಲಿನ ಟವರ್ ನೋಡ್ತೀನಿ," ಎಂದ ಸೆಲ್ವರಾಜ್. ನಾಲ್ಕು ಹೆಜ್ಜೆ ಇಟ್ಟ. ಮಂಜು ಅವನನ್ನು ನುಂಗಿತು.

ತಿರುಗಿದೆ. ಎದುರಿಗೆ ಏಳೆಂಟು ಹೆಂಗಸರು ನನಗೆ ಬೆನ್ನು ಹಾಕಿ ನಿಂತಿದ್ದರು. ಸೊಂಟದವರೆಗೆ ಹೂವಿನ ಜಡೆ. ಒಬ್ಬಳೂ ಅಲುಗುತ್ತಿಲ್ಲ.

"ಕ್ಷಮಿಸಿ ತಾಯಂದಿರೇ," ಎಂದು ಹೆಲ್ಮೆಟ್ ತೆಗೆದು ಕೈಮುಗಿದೆ.

ಮಂಜು ಸರಿಯಿತು. ಹೆಂಗಸರಿಲ್ಲ! ನಿಂತಲ್ಲೇ ನಿಂತುಹೋದ ಅದಿರಿನ ಬಕೆಟ್ಟೊಂದು ತಲೆಯೆತ್ತರದಲ್ಲಿ ತೂಗುತ್ತಿತ್ತು. ಅದರ ಅಂಚಿನ ಸುತ್ತ, ತುಕ್ಕನ್ನೇ ಬೇರಿನಿಂದ ತಬ್ಬಿಕೊಂಡು, ಸೀತಾಳೆ ದಂಡೆ. ಗಾಳಿಯ ಸುಳಿವಿರಲಿಲ್ಲ. ಆದರೂ ಬಕೆಟ್ ಮೆಲ್ಲಗೆ ತಿರುಗುತ್ತಿತ್ತು, ಯಾರೋ ಮುಖ ತೋರಿಸಲು ಹೊರಟ ಹಾಗೆ.

ಒಂದು ಜಡೆ ಹಿಡಿದುಕೊಂಡೆ. ಅಷ್ಟರಲ್ಲಿ ಕರ್ತವ್ಯಪ್ರಜ್ಞೆ ಅಡ್ಡ ಬಂತು. ಯಾವ ಯಂತ್ರಕ್ಕೆ ಕೈ ಹಾಕುವ ಮುಂಚೆಯೂ ಮೂರು ಸಲ ಬಡಿದು, "ಯಾರಾದ್ರೂ ಕೆಲಸದಲ್ಲಿದ್ದೀರಾ?" ಎಂದು ಕೇಳಬೇಕು. ಇದು ಸಾವಿರಾರು ಕಾರ್ಮಿಕರಿಗೆ ನಾನೇ ಕಲಿಸಿದ ನಿಯಮ. ಕಲ್ಲೆತ್ತಿ ಟವರಿಗೆ ಬಡಿದೆ. ಠಣ್, ಠಣ್, ಠಣ್.

"ಯಾರಾದ್ರೂ ಕೆಲಸದಲ್ಲಿದ್ದೀರಾ?"

ಮಂಜಿನೊಳಗಿಂದ ಉತ್ತರ ಬಂತು. ಠಣ್, ಠಣ್, ಠಣ್.

ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ದೂರದಿಂದ, ಇನ್ನೂ ನಿಧಾನವಾಗಿ, ಮತ್ತೆ ಮೂರು. ತಲೆಯ ಮೇಲಿನ ಹಗ್ಗ ನರಳಿತು. ಬಕೆಟ್ ಒಂದು ಗೇಣು ಮುಂದೆ ಸರಿಯಿತು!

ನಾನು ಗುಡ್ಡ ಇಳಿದೆ ಎನ್ನುವುದು ಸೌಜನ್ಯದ ಮಾತು. ಉರುಳಿದೆ. ಬಸ್ ನಿಲ್ದಾಣದಲ್ಲಿ ಕೂತು ನೋಡಿಕೊಂಡರೆ ಹೆಲ್ಮೆಟ್ ಇಲ್ಲ, ಒಂದು ಚಪ್ಪಲಿ ಇಲ್ಲ, ಮುಷ್ಟಿಯಲ್ಲಿ ಮಾತ್ರ ಬೇರುಸಮೇತ ಹೂವಿನ ಜಡೆ ಇತ್ತು.

ಅರ್ಧ ಗಂಟೆ ಬಿಟ್ಟು ಸೆಲ್ವರಾಜ್ ನಗುತ್ತಾ ಬಂದ. "ಯಾಕೆ ಸಾರ್ ಓಡಿದ್ರಿ? ಮೂರು ಬಡಿದ್ರೆ ಲೋಡ್ ಬಿಡು ಅಂತ ನಮ್ಮ ಕಾಲದ ಸಿಗ್ನಲ್. ಕೇಳಿದ ತಕ್ಷಣ ನನ್ನ ಕೈ ತಾನೇ ವಾಪಸ್ ಬಡೀತು."

"ನೀನೇನಯ್ಯಾ! ಎರಡು ಸಲ ಬಡಿದು ಜೀವ ತೆಗೆದೆಯಲ್ಲೋ ಮಾರಾಯ!"

ಅವನ ನಗು ಅಲ್ಲೇ ನಿಂತಿತು. "ನಾನು ಬಡಿದಿದ್ದು ಒಂದೇ ಸಲ ಸಾರ್."

ಬಂದ ಮೊದಲ ಬಸ್ಸನ್ನೇ ಹತ್ತಿ ಮನೆ ಸೇರಿದೆವು.

ಹೂವನ್ನು ಸರೋಜಳ ಕೈಗಿತ್ತು, ಕೆಂಪು ಮಣ್ಣು ಹೋಗುವವರೆಗೆ ಮೈ ಉಜ್ಜಿ, ಟವೆಲ್ ಸುತ್ತಿಕೊಂಡು ಕೋಣೆಗೆ ಬಂದೆ. ಅರೆಗತ್ತಲಲ್ಲಿ ಯಾರೋ ಬೆನ್ನು ಹಾಕಿ ಕೂತಿದ್ದರು. ಸೊಂಟದವರೆಗೆ ಬಿಳಿ-ನೇರಳೆ ಜಡೆ. ಅಲುಗಾಟವಿಲ್ಲ. ಆಮೇಲೆ ಆ ತಲೆ ಮೆಲ್ಲಗೆ, ಬಹಳ ಮೆಲ್ಲಗೆ ನನ್ನ ಕಡೆ ತಿರುಗತೊಡಗಿತು.

"ತಾಯೀ, ತಪ್ಪಾಯ್ತು!"

ಶಾಸ್ತ್ರಕ್ಕೆಂದು ಬೀಗರೊಂದಿಗೆ ಬಂದ ಹದಿನೈದು ಹೆಂಗಸರು ಆಗ ತಾನೇ ಗೇಟು ತೆರೆಯುತ್ತಿದ್ದರು. ಟವೆಲಿನಲ್ಲಿ ಕಿರುಚುತ್ತಾ ಹಾರಿಬಂದ ನನ್ನನ್ನು ಅವರು ಎದುರುಗೊಂಡರು!

"ಅಪ್ಪಾ, ನಾನು! ವಾಣಿ! ಹೇಗಿದೆ ಅಂತ ತೋರಿಸೋಣ ಅಂತ ಕೂತಿದ್ದೆ," ಎಂದು ಮಗಳು ಒಳಗಿಂದ ಕೂಗುತ್ತಿದ್ದಳು.

ಬಯಕೆಯಂತೂ ತೀರಿತು. ಅವತ್ತಿನ ಫೋಟೋದಲ್ಲಿ ಹೂಜಡೆಯನ್ನು ಮುಂದಕ್ಕೆ ಹಾಕಿಕೊಂಡು ವಾಣಿ ನಗುತ್ತಿದ್ದಾಳೆ. ಸುತ್ತ ಎಲ್ಲರೂ ಇದ್ದಾರೆ. ಹೆತ್ತ ತಂದೆ ಎಲ್ಲಿ ಎಂದು ಕೇಳುವವರಿಗೆ ಸರೋಜ ಫೋಟೋದ ಎಡತುದಿಗೆ ಬೆರಳಿಟ್ಟು ತೋರಿಸುತ್ತಾಳೆ. ಬಾಗಿಲಿನಲ್ಲಿ ಒಂದು ಮೊಣಕೈ ಇದೆ. ಅದು ನಾನು.