ಅತ್ತೆಯ ಮೆಟ್ರಿಕ್

ನನ್ನ ಸೋದರತ್ತೆಯ ತಲೆಯೊಳಗೆ ಒಂದು ರೌಟರ್ ಇದೆ. ಅದಕ್ಕೆ ಕರೆಂಟು ಬೇಡ, ಒಂದು ನಿಂಬೆಹಣ್ಣು ಸಾಕು!

ಬಸ್ಸಿನಲ್ಲಿ ಅವರಿಗೆ ವಾಂತಿ. ಹಾಗಾಗಿ ಕೊಪ್ಪದಿಂದ ಶೃಂಗೇರಿಗೆ ನಾವೆಲ್ಲ ಕಿಲೋಮೀಟರು ಎಣಿಸಿದರೆ ಅತ್ತೆ ತಿರುವು ಎಣಿಸುತ್ತಾರೆ. ತಿರುವಿಗೆ ಒಂದು ಅಂಕ. ಡ್ರೈವರು ಬ್ರೇಕು ಜಗ್ಗುವವನಾದರೆ ಐದು ಹೆಚ್ಚು. ಮೊತ್ತ ಕಡಿಮೆ ಬಂದದ್ದೇ ಅವರ ದಾರಿ. ಪಕ್ಕದಲ್ಲಿ ಒಣಮೀನಿನ ಚೀಲ ಬಂತೋ, ಆ ದಾರಿಯೇ ಬಂದ್! ಒಮ್ಮೆ ಅಡ್ಡಗದ್ದೆಯ ಮದುವೆಗೆ ಹೊರಟವರು ಹೀಗೇ ನಡುದಾರಿಯಲ್ಲಿ ಇಳಿದುಬಿಟ್ಟರು. ನಾವು ಉಂಡು ಕೈತೊಳೆಯುವಾಗ ಬಂದರು, ಮುಖ ಮಾತ್ರ ತಾಜಾ.

ನಾನೋ, ಮೊಬೈಲಿನಲ್ಲಿ ವಿಡಿಯೊ ನೋಡಿ ನೆಟ್‌ವರ್ಕಿಂಗ್ ಕಲಿಯುತ್ತಿರುವ ಮಹಾಪಂಡಿತ. ಮುಗಿಸಿದ್ದು ಒಂದೇ ಪಾಠ. ಉಪದೇಶ ಮಾಡಲು ಅಷ್ಟು ಸಾಲದೇ?

"ಅತ್ತೆ, ದಾರಿ ಆರಿಸೋಕೆ ರೌಟರ್ ಒಂದು ಲೆಕ್ಕ ಹಾಕ್ತದೆ. ಅದಕ್ಕೆ ಮೆಟ್ರಿಕ್ ಅಂತಾರೆ."

"ಅದನ್ನೇ ಅಲ್ವನಾ ಮಾರಾಯ, ನಾನು ಕಟ್ಟಿರೋದು?"

ಹೌದು, ಅತ್ತೆಯ ಬಾಯಲ್ಲಿ ಮೆಟ್ರಿಕ್ ಎಂದರೆ ಎಸ್ಸೆಸ್ಸೆಲ್ಸಿ; ಐವತ್ತು ದಾಟಿದ ಮೇಲೆ ಅದನ್ನು ಕಟ್ಟಿದ್ದರು. ಎರಡು ಸಲ ಕೈಕೊಟ್ಟ ಗಣಿತವೊಂದೇ ಬಾಕಿ. ಪರೀಕ್ಷೆ ನರಸಿಂಹರಾಜಪುರದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಕೊಪ್ಪದಿಂದ ನೇರ ದಾರಿಯಲ್ಲಿ ಹೋದರೆ ನಡುವೆ ಬಸ್ಸು ಬದಲಿಸಬೇಕು. ಬಾಳೆಹೊನ್ನೂರು ಸುತ್ತಿ ಹೋಗುವ ಬಸ್ಸಾದರೆ ಒಂದೇ.

"ನಂಗೆ ಎರಡು ಬಸ್ಸೇ ಸೈ. ಆ ಸುತ್ತುದಾರೀಲಿ ತಿರುವು ಎಷ್ಟುಂಟು ಗೊತ್ತನಾ?"

"ಎರಡು ಬಸ್ಸು ಅಂದ್ರೆ ಎರಡು ಹಾಪ್ ಅತ್ತೆ, ಎರಡು ಜಿಗಿತ. ಇದು ಒಂದೇ ಹಾಪ್. ಹಾಪ್ ಕಡಿಮೆ ಇದ್ದದ್ದೇ ಒಳ್ಳೆ ದಾರಿ. ಇಂಟರ್ನೆಟ್ ಓಡೋದೇ ಹಂಗೆ!"

"ಇಂಟರ್ನೆಟ್ಟಿಗೆ ವಾಂತಿ ಬರ್ತದನಾ?"

ಕೊನೆಗೆ ನನ್ನ ಜೊತೆ ನಾನು ಹೇಳಿದ ಬಸ್ಸನ್ನೇ ಹತ್ತಿದರು. ಬಾಳೆಹೊನ್ನೂರು ಬರುವಷ್ಟರಲ್ಲಿ ನಿಂಬೆಹಣ್ಣು ಖಾಲಿ, ಅತ್ತೆಯ ತಲೆ ಕಿಟಕಿಯ ಆಚೆ. ಧೈರ್ಯಕ್ಕೆಂದು ಮೊಬೈಲಿನಲ್ಲಿ ಎರಡನೇ ಪಾಠ ಹಾಕಿದೆ. ಬರೀ ಹಾಪ್ ಎಣಿಸುವುದು ಹಳೆಯ ಪದ್ಧತಿಯಂತೆ! ಅದು ದಾರಿಯ ಗುಣ ನೋಡುವುದೇ ಇಲ್ಲವಂತೆ. ಆಮೇಲೆ ಬಂದ ಪದ್ಧತಿಗಳು ಒಂದೊಂದು ಕೊಂಡಿಯ ವೇಗ, ವಿಳಂಬ ಎಲ್ಲ ನೋಡಿ ಅಂಕ ಹಾಕುತ್ತವೆ, ಕೂಡಿಸುತ್ತವೆ, ಮೊತ್ತ ಕಡಿಮೆ ಬಂದ ದಾರಿ ಹಿಡಿಯುತ್ತವೆ. ಅಂದರೆ ಅತ್ತೆ ಇಷ್ಟು ವರ್ಷ ಮಾಡಿದ್ದು ಅದನ್ನೇ! ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದೆ.

ಪರೀಕ್ಷೆಯ ಗಂಟೆ ಹೊಡೆಯುವಾಗ ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮೂರನೇ ಸಲವೂ ಫೇಲಾದರೆ ಅದು ಗಣಿತದ ತಪ್ಪಲ್ಲ, ನನ್ನದು. ಮೂರು ಗಂಟೆ ಗೇಟಿನ ಹೊರಗೆ ನಿಂತೇ ಇದ್ದೆ.

ಹೊರಬಂದಾಗ ಮುಖ ಬೆಳ್ಳಗಾಗಿತ್ತು. "ಒಂದು ಲೆಕ್ಕ ಬಿಟ್ಟೋಯ್ತು ಮಾರಾಯ, ತಲೆ ತಿರುಗ್ತಿತ್ತು. ಬಾಕಿದೆಲ್ಲ ಬರ್ದೆ. ಪಾಸಾಗ್ತದೆ ಬಿಡು."

"ಅತ್ತೆ, ನಾನು ಹೇಳಿದ್ದು ತಪ್ಪು ದಾರಿ."

"ಹತ್ತೋ ಮೊದ್ಲೇ ಗೊತ್ತಿತ್ತು."

"ಮತ್ತೆ ಎಂತಕ್ಕೆ ಬಂದ್ರಿ?"

ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಈ ವಯಸ್ಸಲ್ಲಿ ಪರೀಕ್ಷೆ ಕಟ್ತೀನಿ ಅಂದಾಗ ನಗದೇ ಇದ್ದದ್ದು ನೀನೊಬ್ನೇ. ನೀನು ಕಲ್ತು ಬಂದು ಹೇಳಿದ್ದನ್ನ ಬೇಡ ಅನ್ನದು ಹೆಂಗೆ?"

ನಾನೂ ನಕ್ಕಿದ್ದೆ, ಹಿತ್ತಲಿಗೆ ಹೋಗಿ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.