ಮೂವರು ಡಾಕ್ಟರು, ಒಂದು ಒಗ್ಗರಣೆ ಡಬ್ಬಿ

ನಮ್ಮ ಅಕ್ಕನಷ್ಟು ನಿಯತ್ತಿನ ಪೇಷೆಂಟ್ ಈ ಕರಾವಳಿಯಲ್ಲೇ ಇಲ್ಲ. ಅದೂ ಒಬ್ಬರಿಗಲ್ಲ, ಮೂವರು ಡಾಕ್ಟರಿಗೆ! ಅಕ್ಕ ಎಂದರೆ ದೊಡ್ಡಮ್ಮನ ಮಗಳು, ನಮ್ಮ ಗದ್ದೆಯಾಚೆ ಅವಳ ಮನೆ. ಹಾರ್ಟಿಗೆ ಕುಂದಾಪುರ, ಮಂಡಿಗೆ ಬ್ರಹ್ಮಾವರ, ಶುಗರಿಗೆ ಬೈಂದೂರು. ಬಸ್ಸಿನ ಕಂಡಕ್ಟರ್ "ಇವತ್ತ್ ಯಾವ ಪಾರ್ಟ್ ಅಮ್ಮ?" ಎಂದು ಕೇಳಿಯೇ ಟಿಕೆಟ್ ಹರಿಯುತ್ತಾನೆ.

ಮಾತ್ರೆಗಳ ವಾಸ ಒಗ್ಗರಣೆ ಡಬ್ಬಿಯಲ್ಲಿ. ಸಾಸಿವೆ ಬಟ್ಟಲಲ್ಲಿ ಹಾರ್ಟು, ಮೆಂತೆಯದರಲ್ಲಿ ಮಂಡಿ, ಜೀರಿಗೆಯದರಲ್ಲಿ ಶುಗರ್. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಎಷ್ಟು ತಿದ್ದಿದರೂ ನನಗೆ ಬಾರದ ಡಿಸಿಪ್ಲಿನ್! ಆದರೆ ಒಬ್ಬ ಡಾಕ್ಟರ ಹತ್ತಿರ ಹೊರಡುವಾಗ ಉಳಿದಿಬ್ಬರ ಚೀಟಿಗಳನ್ನು ಬ್ಯಾಗಿನಿಂದ ತೆಗೆದಿಡುತ್ತಿದ್ದಳು. ಯಾಕಿರಬಹುದು? ನನ್ನ ಕ್ಯೂರಿಯಾಸಿಟಿ ಸುಮ್ಮನಿರಬೇಕಲ್ಲ, ಕೇಳಿಯೇಬಿಟ್ಟೆ.

"ಒಂದೇ ದಿನ ಎರಡ್ ಮದಿ ಊಟ ಇದ್ರೆ ಎರಡೂ ಕಡಿ ಉಣ್ಕ್ ಹೆಣೆ. ಉಂಡ್ಕಂಡ್ ಬಂದೆ ಅಂದ್ರೆ ಬಡ್ಸುವವ್ರಿಗೆ ಬೇಜಾರ್ ಆತಿಲ್ಯಾ?"

ಡಾಕ್ಟರಿಗೂ ಅದೇ ಮದುವೆಮನೆಯ ಮರ್ಯಾದೆ! ಪ್ರತಿಯೊಬ್ಬರ ಮುಂದೆಯೂ ಬೇರೆ ಯಾರ ಔಷಧಿಯ ರುಚಿಯನ್ನೂ ನೋಡದವಳಂತೆ ಕೂರುವುದು.

ಹೋದ ತಿಂಗಳು ಬಾವಿಕಟ್ಟೆಯ ಹತ್ತಿರ ತಲೆ ತಿರುಗಿ ಕೂತಳು. ಆಮೇಲೆ ಅಡುಗೆಮನೆಯಲ್ಲಿ ಬಿದ್ದೇಬಿಟ್ಟಳು. ತಲೆ ತಿರುಗುವುದಕ್ಕೆ ಉಡುಪಿಯಲ್ಲಿ ಇನ್ನೊಬ್ಬ ಸ್ಪೆಷಲಿಸ್ಟ್ ಇದ್ದಾರಂತೆ, ಹೋಗೋಣವೇ ಎಂದು ಕೇಳುತ್ತಾಳೆ! ನನಗೆ ಜೀವವೇ ಬಾಯಿಗೆ ಬಂದಿತ್ತು. ಈ ವಯಸ್ಸಿನಲ್ಲಿ ನನ್ನನ್ನು 'ಹೆಣೆ', ಅಂದರೆ ಹುಡುಗಿ, ಎಂದು ಕರೆಯುವವರು ಅವಳೊಬ್ಬಳೇ ಉಳಿದಿದ್ದಾಳೆ.

ಡಬ್ಬಿಯನ್ನೂ, ಎಲ್ಲ ಚೀಟಿಗಳನ್ನೂ, ಅವಳನ್ನೂ ರಿಕ್ಷಾದಲ್ಲಿ ಹಾಕಿಕೊಂಡು ಕುಂದಾಪುರದ ಡಾಕ್ಟರ ಮುಂದೆ ಇಳಿಸಿದೆ. ಮುಚ್ಚಳ ತೆಗೆದರೆ ಕ್ಲಿನಿಕ್ಕಿಗೆಲ್ಲ ಮೆಂತೆಯ ಘಮ. ಅವರು ಒಂದೊಂದೇ ತುಂಡು ಸ್ಟ್ರಿಪ್ ತಿರುಗಿಸಿ ನೋಡಿದರು. ಸಾಸಿವೆ ಬಟ್ಟಲಲ್ಲಿದ್ದ ಪ್ರೆಶರಿನ ಮಾತ್ರೆಯೇ ಜೀರಿಗೆ ಬಟ್ಟಲಲ್ಲೂ ಇತ್ತು, ಕಂಪೆನಿಯ ಹೆಸರು ಮಾತ್ರ ಬೇರೆ. ಅಕ್ಕ ದಿನಾ ಎರಡೆರಡು ನುಂಗುತ್ತಿದ್ದಳು! ಡಾಕ್ಟರು ಬೈಂದೂರಿಗೆ ಫೋನ್ ಮಾಡಿ ಮಾತಾಡಿ ಒಂದನ್ನು ನಿಲ್ಲಿಸಿದರು. ಅಕ್ಕ ಎರಡನೆಯ ಊಟದ ಪಂಕ್ತಿಯಲ್ಲಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದ್ದಳು. ಹೊರಗೆ ಬಂದವಳಿಗೆ ಒಂದೇ ಚಿಂತೆ, ಬೈಂದೂರಿನವರು ಬೇಜಾರು ಮಾಡಿಕೊಂಡರೋ ಏನೋ.

ಈಗ ತಲೆ ತಿರುಗುವುದು ನಿಂತಿದೆ. ಮೊನ್ನೆ ಭಾನುವಾರ ಎಂದಿನಂತೆ ನಮ್ಮ ಮನೆಗೆ ಬಂದಳು. ಸಿಸ್ಟರುಗಳು ಕಲಿಸಿದ ನನ್ನ ಸ್ಟ್ಯೂವನ್ನು ಮನೆಯವರೇ ಮುಟ್ಟುವುದಿಲ್ಲ. ಅಕ್ಕ ಮಾತ್ರ ಎಷ್ಟೋ ವರ್ಷಗಳಿಂದ ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಾಳೆ. ನನಗೆ ಅದೇ ಒಂದು ಹೆಮ್ಮೆ.

"ಉಂಡ್ಕಂಡ್ ಬಂದ್ಯಾ ಅಕ್ಕ?"

"ಇಲ್ಯೆ ಹೆಣೆ, ಬಡ್ಸ್."

ಕೈಗೆ ನೀರು ಹಾಕಲು ಬಗ್ಗಿದೆ. ಅವಳ ಬೆರಳುಗಳಲ್ಲಿ ಆಗಲೇ ಬಂಗುಡೆ ಸಾರಿನ ವಾಸನೆಯಿತ್ತು.

ಒಂದೇ ಸೌಟು ಬಡಿಸಿ, ಪಕ್ಕದಲ್ಲಿ ಕೂತೆ.